ನಿಜವಾದ ಸುಂಕದ ಪತ್ರವನ್ನು ನಮ್ಮ ಭಾಷೆಯಲ್ಲಿ ಕಳುಹಿಸಿ: ಹಾಸನದಿಂದ ಒಂದು ಬಹಿರಂಗ ಪತ್ರ

ಸೀಮಾಸುಂಕ, ವಿದೇಶಿ ಅಂಚೆ ಮತ್ತು ಕೊರಿಯರ್ ಆಮದಿನ ನಿಯಮಗಳನ್ನು ರೂಪಿಸುವ ಅಧಿಕಾರಿಗಳಿಗೆ, ಹಾಗೂ ಮಕ್ಕಳನ್ನು ಹೊರದೇಶಕ್ಕೆ ದುಡಿಯಲು ಕಳುಹಿಸಿರುವ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆಗಳಿಗೆ,

ಮಾನ್ಯರೆ,

ಹಾಸನದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಝೆರಾಕ್ಸ್ ಮಾಡುವುದು, ಪಹಣಿ ತೆಗೆದುಕೊಡುವುದು, ಪಿಂಚಣಿಗೆ, ವಿದ್ಯಾರ್ಥಿವೇತನಕ್ಕೆ, ಪಾಸ್‌ಪೋರ್ಟಿಗೆ ಅರ್ಜಿ ತುಂಬುವುದು ನನ್ನ ಕೆಲಸ. ಇದರ ಜೊತೆಗೆ, ಯಾರೂ ಹಣ ಕೊಡದ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿದೆ: ಸರ್ಕಾರದಿಂದಲೋ ಬ್ಯಾಂಕಿನಿಂದಲೋ ಬಂದ ಕಾಗದವನ್ನು, ಈಚೀಚೆಗೆ ಮೊಬೈಲಿಗೆ ಬಂದ ಸಂದೇಶವನ್ನು, "ಅಕ್ಕಾ, ಇದೇನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ" ಎಂದು ಕೇಳಿದವರಿಗೆ ಓದಿ ಹೇಳುವುದು. ಹೊರದೇಶದಿಂದ ಬರುವ ಪಾರ್ಸೆಲ್ಲುಗಳ ಸುಂಕದ ಬಗ್ಗೆ ಈ ಪತ್ರ ಬರೆಯಲು ನನಗಿರುವ ಅಧಿಕಾರ ಅಷ್ಟೇ. ಅಂಥ ಸಂದೇಶಗಳನ್ನು ನಾನು ಹಲವು ಬಾರಿ ಓದಿದ್ದೇನೆ, ಒಂದು ಬಾರಿ ತಪ್ಪಾಗಿ ಓದಿದ್ದೇನೆ.

ನಮ್ಮ ಎರಡು ಜಿಲ್ಲೆಗಳಿಂದ ಹೊರದೇಶಕ್ಕೆ ಹೋದವರೆಂದರೆ ಕಂಪ್ಯೂಟರ್ ಎಂಜಿನಿಯರುಗಳು ಮಾತ್ರ ಎಂದು ದೊಡ್ಡ ಊರುಗಳಲ್ಲಿ ತಿಳಿದಿರಬಹುದು. ನನ್ನ ಅಂಗಡಿಗೆ ಬರುವವರ ಮಕ್ಕಳು ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಾರೆ, ಕುವೈತಿನಲ್ಲಿ ಅಡುಗೆ ಮಾಡುತ್ತಾರೆ, ಐರ್ಲೆಂಡಿನ ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದಾರೆ. ಅವರು ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ನಡುವಿನ ಅವಧಿಯಲ್ಲಿ ಕಂಬಳಿ, ಸ್ವೆಟರು, ಮಕ್ಕಳ ಬಟ್ಟೆ, ಮೂಳೆನೋವಿಗೆ ಶಾಖ ಕೊಡುವ ಪಟ್ಟಿ, ಇಂಥದ್ದನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮನೆಗೆ ಕಳುಹಿಸುತ್ತಾರೆ. ಆ ಪೆಟ್ಟಿಗೆ ವಿಮಾನದಿಂದ ಇಳಿದ ಮೇಲೆ ಮನೆ ತಲುಪುವವರೆಗಿನ ದಾರಿಯ ಕುರಿತು ನಾನು ಹೇಳಬೇಕಾದದ್ದು ಇಲ್ಲಿದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಸುಂಕ ಬೇಡವೆಂದು ನಾನು ಕೇಳುತ್ತಿಲ್ಲ, ಪೆಟ್ಟಿಗೆ ತೆರೆದು ನೋಡಬೇಡಿ ಎಂದೂ ಕೇಳುತ್ತಿಲ್ಲ. ಕಾಫಿ ಬೆಳೆಯುವ ನಾಡಿನವರಿಗೆ ಗಡಿಯಲ್ಲಿ ತಪಾಸಣೆ ಏಕೆ ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದ ಕಾಯಿಕೊರಕ ಹುಳು ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆ ಹುಳುವಿಗಾಗಿ ನಮ್ಮ ಬೆಳೆಗಾರರು ಇಂದಿಗೂ ತೋಟದಲ್ಲಿ ಉದುರಿದ ಕಾಯಿಗಳನ್ನು ಒಂದೊಂದಾಗಿ ಆರಿಸುತ್ತಾರೆ. ಹಾಗಿರುವಾಗ ಹೊರದೇಶದ ಬೀಜವನ್ನೋ ಬಳ್ಳಿಯ ತುಂಡನ್ನೋ ಪರವಾನಗಿ ಇಲ್ಲದೆ ಪಾರ್ಸೆಲ್ಲಿನಲ್ಲಿ ತರಿಸುವವರನ್ನು ತಡೆಯುವ ಅಧಿಕಾರಿಗೆ ನಾವು ಕೃತಜ್ಞರಾಗಿರಬೇಕು. ನನ್ನ ಅಹವಾಲು ತಪಾಸಣೆಯ ಆಚೆಗಿನದು. ತಪಾಸಣೆ ಮುಗಿದು ಸುಂಕ ನಿಗದಿಯಾದ ಮೇಲೆ ಆ ವಿಷಯವನ್ನು ಹಳ್ಳಿಯ ಮನೆಗೆ ಹೇಗೆ ತಿಳಿಸಲಾಗುತ್ತದೆ ಎಂಬುದರ ಬಗ್ಗೆ.

ನನ್ನ ತಂಗಿ ಐರ್ಲೆಂಡಿನಲ್ಲಿ ದಾದಿ. ಅವ್ವ ಬೇಲೂರು ತಾಲ್ಲೂಕಿನ ನಮ್ಮ ಊರಿನಲ್ಲೇ ಇದ್ದಾಳೆ. ಅವಳ ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟು ಬೆಳೆದು, ಅಂಗಡಿಯಲ್ಲಿ ಸಿಗುವ ಯಾವ ಚಪ್ಪಲಿಯೂ ಹಿಡಿಸದಂತಾಗಿ, ಮಳೆಗಾಲದಲ್ಲಿ ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲೇ ಓಡಾಡುತ್ತಿದ್ದಳು. ಕಳೆದ ವರ್ಷ ನಾನು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ನೆಲದ ಮೇಲೆ ಹಾಸಿ, ಅವ್ವನನ್ನು ಅದರ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಗಂಟು ಇರುವ ಕಡೆ ಗೆರೆ ಹೊರಗೆ ಉಬ್ಬಿತ್ತು. ಪಕ್ಕದಲ್ಲಿ ಮಗನ ಸ್ಕೇಲು ಇಟ್ಟು ಫೋಟೊ ತೆಗೆದು ತಂಗಿಗೆ ವಾಟ್ಸಾಪ್ ಮಾಡಿದೆ. ಅವಳು ಆ ಫೋಟೊ ಹಿಡಿದುಕೊಂಡು ಮೂರು ಅಂಗಡಿ ಅಲೆದು, ಅಗಲ ಪಾದದವರಿಗೆಂದೇ ಮಾಡಿದ, ಮೇಲ್ಭಾಗ ಹಿಗ್ಗುವ ಎರಡು ಜೊತೆ ಮೆತ್ತನೆಯ ಶೂ ಕೊಂಡು, ಒಂದು ಸ್ವೆಟರಿನ ಜೊತೆ ಕೊರಿಯರ್ ಮಾಡಿದಳು. ಪೆಟ್ಟಿಗೆಯ ಮೇಲೆ ಅವ್ವನ ಹೆಸರು, ಅವ್ವನ ಫೋನ್ ನಂಬರು ಬರೆದಳು. ಅವ್ವನ ಹತ್ತಿರ ಇರುವುದು ಬಟನ್ ಫೋನು.

ಹತ್ತು ದಿನದ ಮೇಲೆ ಒಂದು ಸಂಜೆ ಅವ್ವ ಫೋನ್ ಮಾಡಿ, "ಅದೇನೋ ಇಂಗ್ಲಿಷ್‌ನಲ್ಲಿ ಬಂದೈತೆ ಕಣವ್ವ, ಪಕ್ಕದ ಮನೆ ಹುಡುಗ ಓದ್ದ, ದುಡ್ಡು ಕಟ್ಟಬೇಕಂತೆ, ಆಧಾರ್ ಕಳಿಸಬೇಕಂತೆ" ಎಂದಳು. ಆ ಹುಡುಗನ ಕೈಗೆ ಫೋನ್ ಕೊಡಿಸಿ ಓದಿಸಿದೆ. ಪಾರ್ಸೆಲ್ಲನ್ನು ಕಸ್ಟಮ್ಸ್‌ನಲ್ಲಿ ತಡೆಹಿಡಿಯಲಾಗಿದೆ, ಗುರುತಿನ ದಾಖಲೆಯನ್ನು ಇಂಥ ಲಿಂಕಿನಲ್ಲಿ ಹಾಕಿ, ಇಷ್ಟು ಹಣ ಪಾವತಿಸಿ ಎಂದಿತ್ತು. ಯಾವ ವಸ್ತುವಿಗೆ ಎಷ್ಟು, ಯಾವ ದರದಲ್ಲಿ, ಯಾರಿಗೆ ಎಂಬುದು ಒಂದಕ್ಷರವೂ ಇರಲಿಲ್ಲ. ಆ ಲಿಂಕು ಬಟನ್ ಫೋನಿನಲ್ಲಿ ತೆರೆಯುವುದೂ ಇಲ್ಲ. ನಾನು ಯೋಚಿಸದೆ ಹೇಳಿದೆ: "ಅದು ಮೋಸ ಕಣವ್ವ, ಯಾರಿಗೂ ಆಧಾರ್ ಕೊಡಬೇಡ, ಅಳಿಸಿಹಾಕು ಅನ್ನು." ಅದು ಮೋಸವಾಗಿರಲಿಲ್ಲ. ಪಾರ್ಸೆಲ್ ವಾಪಸು ಹೊರಟಿದೆ, ವಾಪಸಿನ ಸಾಗಣೆಗೂ ತನ್ನಿಂದಲೇ ಹಣ ಕೇಳುತ್ತಿದ್ದಾರೆ ಎಂದು ತಂಗಿ ಫೋನ್ ಮಾಡಿದಾಗಲೇ ನಮಗೆ ಅದು ಗೊತ್ತಾದದ್ದು.

ನಾನು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಅದಕ್ಕೆ ಸ್ವಲ್ಪ ದಿನ ಮೊದಲು ಆಲೂರು ಕಡೆಯ ಒಬ್ಬ ಯುವಕ ನನ್ನ ಅಂಗಡಿಗೆ ಬಂದು ಮೊಬೈಲಿನಲ್ಲಿದ್ದ ಒಂದು ಪತ್ರವನ್ನು ಪ್ರಿಂಟ್ ಮಾಡಿಕೊಡಲು ಕೇಳಿದ್ದ. ಮೇಲೆ ನಾಲ್ಕು ಸಿಂಹದ ಲಾಂಛನ, ಕೆಳಗೆ ನೇರಳೆ ಬಣ್ಣದ ದುಂಡು ಮೊಹರು, ನಡುವೆ ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಎಂಬ ತಲೆಬರಹ. ಫೇಸ್‌ಬುಕ್ಕಿನಲ್ಲಿ ಪರಿಚಯವಾದ ಲಂಡನ್ನಿನ ಡಾಕ್ಟರೊಬ್ಬರು ಅವನಿಗೆ ಚಿನ್ನದ ಸರ, ಮೊಬೈಲು, ಪೌಂಡುಗಳನ್ನು ಕಳುಹಿಸಿದ್ದಾರಂತೆ. ಮೊದಲು 35,500 ರೂಪಾಯಿ ಸುಂಕವೆಂದು ಕಟ್ಟಿಸಿಕೊಂಡಿದ್ದರು. ಆಮೇಲೆ ಪೆಟ್ಟಿಗೆಯಲ್ಲಿ ಹೊರದೇಶದ ಹಣ ಇರುವುದರಿಂದ ಒಂದು ಪ್ರಮಾಣಪತ್ರ ಬೇಕೆಂದು ಅದರ ದುಪ್ಪಟ್ಟು ಕೇಳುತ್ತಿದ್ದರು. ಹಣ ಕಟ್ಟಬೇಕಾದ ಖಾತೆ ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ನಾನು ಅವನನ್ನು ಕೂರಿಸಿ ಸೈಬರ್ ಮೋಸದ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಎರಡನೆಯ ಕಂತು ಉಳಿಯಿತು, ಮೊದಲನೆಯದು ಹೋಯಿತು.

ಈ ಎರಡು ಪ್ರಸಂಗಗಳನ್ನು ನೀವು ಅಕ್ಕಪಕ್ಕ ಇಟ್ಟು ನೋಡಬೇಕೆಂಬುದೇ ನನ್ನ ಇಡೀ ಪತ್ರದ ಬೇಡಿಕೆ. ಸುಳ್ಳು ಪತ್ರದಲ್ಲಿ ಲಾಂಛನವಿತ್ತು, ಮೊಹರಿತ್ತು, ವಸ್ತುಗಳ ಪಟ್ಟಿಯಿತ್ತು, ಕೇಳಿದರೆ ವಿವರಿಸಲು ಫೋನಿನಲ್ಲಿ ವಿನಯದಿಂದ ಮಾತನಾಡುವ ಮನುಷ್ಯನಿದ್ದ. ನಿಜವಾದ ಸಂದೇಶದಲ್ಲಿ ಒಂದು ಮೊತ್ತ ಮತ್ತು ಒಂದು ಲಿಂಕು ಬಿಟ್ಟು ಇನ್ನೇನೂ ಇರಲಿಲ್ಲ. ಹೀಗಿರುವಾಗ ಜನ ಸುಳ್ಳನ್ನು ನಂಬಿ ನಿಜವನ್ನು ಅಳಿಸಿಹಾಕಿದರೆ ಅವರನ್ನು ದಡ್ಡರೆನ್ನಬೇಡಿ.

ಮೋಸ ತಡೆಯಲು ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಸುಂಕ ಕಟ್ಟಿರೆಂದು ಅಧಿಕಾರಿಗಳು ಯಾರದ್ದೋ ವೈಯಕ್ತಿಕ ಬ್ಯಾಂಕ್ ಖಾತೆಗೆ ಹಣ ಹಾಕಲು ಎಂದೂ ಹೇಳುವುದಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ ಮತ್ತೆ ಮತ್ತೆ ಪ್ರಕಟಿಸಿದೆ. 2019ರ ನವೆಂಬರಿನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಹಾಕುವ ಪದ್ಧತಿ ಬಂದಿದೆ. ಅದನ್ನು ಮಂಡಳಿಯ ಜಾಲತಾಣದಲ್ಲಿ ಹಾಕಿ, ಪತ್ರ ಅಸಲಿಯೋ ನಕಲಿಯೋ ನೋಡಬಹುದು. ಇದು ಒಳ್ಳೆಯ ಕೆಲಸ, ಆಲೂರಿನ ಆ ಯುವಕನ ಪತ್ರವನ್ನು ನಾನು ಪರೀಕ್ಷಿಸಿದ್ದೂ ಹೀಗೆಯೇ. ಆದರೆ ಅವ್ವನಿಗೆ ಬಂದದ್ದು ಇಲಾಖೆಯ ಪತ್ರವಲ್ಲ, ಕೊರಿಯರ್ ಕಂಪನಿಯ ಸಂದೇಶ. ಕೊರಿಯರಿನಲ್ಲಿ ಬಂದ ಪೆಟ್ಟಿಗೆಗೆ ಕಸ್ಟಮ್ಸ್ ಮುಂದೆ ಕಾಗದ ಸಲ್ಲಿಸುವುದು ಕಂಪನಿಯೇ. ಎಷ್ಟೋ ಬಾರಿ ಸುಂಕವನ್ನು ತಾನೇ ಕಟ್ಟಿ, ಅದಕ್ಕೆ ತನ್ನ ಸೇವಾಶುಲ್ಕ ಸೇರಿಸಿ, ಪಡೆಯುವವರಿಂದ ವಸೂಲಿ ಮಾಡುವುದೂ ಅದೇ. ಹಾಗಾಗಿ ಸರ್ಕಾರದ ತೆರಿಗೆಯ ಬೇಡಿಕೆ ಸರ್ಕಾರದ ಗುರುತೇ ಇಲ್ಲದೆ ಮನೆಗೆ ಬರುತ್ತದೆ. ಡಿಐಎನ್ ಹುಡುಕಿ ಎಂದು ಜನರಿಗೆ ಹೇಳಿಕೊಟ್ಟರೆ, ಡಿಐಎನ್ ಇಲ್ಲದ ಈ ಅಸಲಿ ಸಂದೇಶವನ್ನೂ ಅವರು ನಕಲಿಯೆಂದೇ ತಿಳಿಯುತ್ತಾರೆ.

ಇನ್ನು ಲೆಕ್ಕದ ವಿಷಯ. ಸುಂಕದ ಲೆಕ್ಕ ಹೇಗೆ ಹಾಕುತ್ತಾರೆಂದು ನಾನು ಕೂತು ಕಲಿತೆ. ಅದು ಕಲಿಯಲಾರದಷ್ಟು ಕಷ್ಟದ್ದೇನಲ್ಲ, ಏಳನೆಯ ತರಗತಿಯ ಶೇಕಡಾ ಲೆಕ್ಕ. ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆಯ ಖರ್ಚನ್ನು ಕೂಡಿಸಿ ಮೌಲ್ಯ ನಿಗದಿ ಮಾಡುತ್ತಾರೆ. ಆ ಮೌಲ್ಯ 10,000 ರೂಪಾಯಿ ಎಂದೂ, ಉದಾಹರಣೆಗೆ ಮಾತ್ರ ಮೂಲ ಸುಂಕ ಶೇ 10, ಸಂಯೋಜಿತ ಜಿಎಸ್‌ಟಿ ಶೇ 18 ಎಂದೂ ಇಟ್ಟುಕೊಳ್ಳೋಣ. ಮೂಲ ಸುಂಕ 1,000 ರೂಪಾಯಿ. ಆ ಸುಂಕದ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಶೇ 10, ಅಂದರೆ 100 ರೂಪಾಯಿ. ಜಿಎಸ್‌ಟಿಯನ್ನು 10,000ದ ಮೇಲೆ ಹಾಕುವುದಿಲ್ಲ, ಸುಂಕ ಸೇರಿದ 11,100ರ ಮೇಲೆ ಹಾಕುತ್ತಾರೆ, ಅದು 1,998 ರೂಪಾಯಿ. ಎಲ್ಲ ಸೇರಿ 3,098 ರೂಪಾಯಿ. ಈ ಕ್ರಮ ತಿಳಿಯದವರು ಹತ್ತಕ್ಕೆ ಹದಿನೆಂಟು ಕೂಡಿಸಿ ಶೇ 28 ಎಂದು 2,800 ರೂಪಾಯಿ ಲೆಕ್ಕ ಹಾಕಿಕೊಂಡು, ಉಳಿದ 298 ರೂಪಾಯಿಯನ್ನು ಯಾರೋ ನಡುವೆ ತಿಂದರೆಂದು ತೀರ್ಮಾನಿಸುತ್ತಾರೆ. ನನ್ನ ಅಂಗಡಿಯಲ್ಲಿ ಕೂತು ಹಾಗೆ ಬೈದವರನ್ನು ನಾನು ಕೇಳಿದ್ದೇನೆ. ಆ ಕ್ಷಣದಲ್ಲಿ ಒಬ್ಬ ಪ್ರಾಮಾಣಿಕ ಅಧಿಕಾರಿಯ ಮೇಲೆ ಲಂಚದ ಆರೋಪ ಬಿದ್ದಿರುತ್ತದೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ. ಆರು ಸಾಲಿನ ವಿವರ ಕೊಟ್ಟಿದ್ದರೆ ಈ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ.

ಉಡುಗೊರೆಯ ವಿಷಯದಲ್ಲಿ ಗೊಂದಲ ಇದಕ್ಕಿಂತ ದೊಡ್ಡದು. ಹೊರದೇಶದ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕಳುಹಿಸುವವರು ಪೆಟ್ಟಿಗೆಯ ಮೇಲೆ ಅಂಟಿಸಲು ಒಂದು ಘೋಷಣಾ ಪತ್ರ ತುಂಬಬೇಕು. ಸಣ್ಣ ಮೌಲ್ಯದ್ದಕ್ಕೆ ಸಿಎನ್ 22, ದೊಡ್ಡದಕ್ಕೆ ಸಿಎನ್ 23. ಅದರಲ್ಲಿ ಉಡುಗೊರೆ, ದಾಖಲೆ, ವ್ಯಾಪಾರದ ಮಾದರಿ ಎಂದು ಚೌಕಗಳಿರುತ್ತವೆ. ಮಗಳು ತಾಯಿಗೆ ಕಳುಹಿಸುವ ಶೂವಿಗೆ ಯಾವ ಚೌಕದಲ್ಲಿ ಗುರುತು ಹಾಕುತ್ತಾಳೆ? ಉಡುಗೊರೆ ಎಂದೇ ಹಾಕುತ್ತಾಳೆ, ಅದೇ ಸತ್ಯವೂ ಹೌದು. ನಮ್ಮಲ್ಲಿ 5,000 ರೂಪಾಯಿವರೆಗಿನ ಉಡುಗೊರೆ ಪಾರ್ಸೆಲ್ಲಿಗೆ ಮೊದಲು ಸುಂಕದ ವಿನಾಯಿತಿ ಇತ್ತು. ಆನ್‌ಲೈನ್ ವ್ಯಾಪಾರಿಗಳು ಸರಕನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ, ಎಲ್ಲದರ ಮೇಲೂ ಉಡುಗೊರೆ ಎಂದು ಬರೆದು ಆ ವಿನಾಯಿತಿಯನ್ನು ದುರುಪಯೋಗ ಮಾಡಿದರೆಂದು 2019ರ ಡಿಸೆಂಬರ್ 12ರಂದು ಅದನ್ನು ನಿಲ್ಲಿಸಲಾಯಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು, ರಾಖಿಯ ಜೊತೆ ಬರುವ ಉಡುಗೊರೆಗೂ ಇಲ್ಲ. ಉಳಿದದ್ದು ಪೂರ್ತಿ ಸುಂಕ ಕಟ್ಟಿದರೆ ಬರಬಹುದು. ಈ ನಿಯಮ ಬಂದು ಇಷ್ಟು ವರ್ಷಗಳಾದರೂ ನಮ್ಮ ಹಳ್ಳಿಗಳಲ್ಲಿ, ಮಸ್ಕತ್ತಿನ ಕೊಠಡಿಗಳಲ್ಲಿ, "ಗಿಫ್ಟ್ ಅಂತ ಬರೆದರೆ ಸುಂಕ ಇಲ್ಲ" ಎಂಬ ಮಾತೇ ಓಡಾಡುತ್ತಿದೆ. ವ್ಯಾಪಾರಿಗಳ ತಪ್ಪಿಗೆ ತಾಯಂದಿರ ಪೆಟ್ಟಿಗೆಗೆ ಸುಂಕ ಬಿದ್ದದ್ದು ನ್ಯಾಯವೇ ಎಂದು ನನ್ನ ಮನಸ್ಸು ಕೇಳುತ್ತದೆ. ವರ್ಷಕ್ಕೆ ಒಂದೇ ಒಂದು ಬಾರಿ, ಆಧಾರ್ ಜೋಡಿಸಿ, ತಂದೆ ತಾಯಿಗೆ ಬರುವ ಪಾರ್ಸೆಲ್ಲಿಗೆ ಒಂದು ಸಣ್ಣ ಮಿತಿಯ ವಿನಾಯಿತಿ ಕೊಡುವುದನ್ನು ನೀವು ಯೋಚಿಸಬೇಕೆಂದು ಕೋರುತ್ತೇನೆ. ಅದು ಆಗದಿದ್ದರೂ, ನಿಯಮ ಬದಲಾಗಿದೆ ಎಂಬುದನ್ನಾದರೂ ಕನ್ನಡದಲ್ಲಿ ಒಂದು ಹಾಳೆಯಷ್ಟು ಅಚ್ಚು ಹಾಕಿಸಿ ಪ್ರತಿ ಅಂಚೆ ಕಚೇರಿಯ ಫಲಕದಲ್ಲಿ ಅಂಟಿಸಿ.

ಅದೇ ಶೂವನ್ನು ತಂಗಿ ತನ್ನ ಸೂಟ್‌ಕೇಸಿನಲ್ಲಿ ತಂದಿದ್ದರೆ ಸುಂಕದ ಮಾತೇ ಬರುತ್ತಿರಲಿಲ್ಲ. 2016ರ ಬ್ಯಾಗೇಜ್ ನಿಯಮಗಳಲ್ಲಿ ವಿಮಾನದಲ್ಲಿ ಬರುವ ಪ್ರಯಾಣಿಕರಿಗೆ 50,000 ರೂಪಾಯಿ ಮೌಲ್ಯದವರೆಗೆ ವಿನಾಯಿತಿ ಕೊಟ್ಟಿದ್ದರು. ಪ್ರಯಾಣಿಕರ ಜೊತೆಯಲ್ಲಿ ಬಾರದೆ ಬೇರೆಯಾಗಿ ಬರುವ ಸಾಮಾನಿಗೆ ಆ ವಿನಾಯಿತಿ ಸಿಗುವುದಿಲ್ಲ, ಬಳಸಿದ ಸ್ವಂತ ಬಟ್ಟೆಬರೆಗೆ ಮಾತ್ರ ಸಿಗುತ್ತದೆ. ಗಲ್ಫಿನ ಕೆಲಸ ಮುಗಿಸಿ ಊರಿಗೇ ಮರಳುವವರಿಗೆ, ಹೊರಗಿದ್ದ ಅವಧಿ ನೋಡಿ, ಮನೆಸಾಮಾನಿಗೆ ಬೇರೆ ರಿಯಾಯಿತಿ ಇದೆ. ಇದನ್ನು ತಿಳಿಯದೆ ಹತ್ತು ವರ್ಷದ ಸಂಸಾರವನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಾರ್ಗೊ ಮಾಡಿ, ವಿನಾಯಿತಿ ಕೇಳಲು ಬೇಕಾದ ಕಾಗದ ಯಾವುದೆಂದು ಗೊತ್ತಿಲ್ಲದೆ ಏಜೆಂಟರು ಹೇಳಿದಷ್ಟು ಕೊಟ್ಟವರಿದ್ದಾರೆ. ದರಗಳೂ ಮಿತಿಗಳೂ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವ ವಿಷಯವಾದ್ದರಿಂದ, ಇವತ್ತಿನದು ಯಾವುದೆಂದು ಕನ್ನಡದಲ್ಲಿ ಓದಿ ತಿಳಿಯಲು ಒಂದು ನಂಬಿಗಸ್ತ ಜಾಗ ಬೇಕೇ ಬೇಕು.

ಈಗ ನನ್ನ ಕೋರಿಕೆಗಳಿಗೆ ಬರುತ್ತೇನೆ. ಪ್ರತಿ ಪಾರ್ಸೆಲ್ಲಿನ ಮೇಲೂ ಪಿನ್‌ಕೋಡ್ ಇರುತ್ತದೆ. ನಮ್ಮ ಹಾಸನ ಜಿಲ್ಲೆಯದು 573ರಿಂದ, ಚಿಕ್ಕಮಗಳೂರಿನದು 577ರಿಂದ ಆರಂಭವಾಗುತ್ತದೆ. ಪೆಟ್ಟಿಗೆ ಎಲ್ಲಿಗೆ ಹೋಗಬೇಕೆಂದು ಆ ಆರು ಅಂಕಿ ನೋಡಿ ಯಂತ್ರವೇ ವಿಂಗಡಿಸಬಲ್ಲುದಾದರೆ, ಸಂದೇಶ ಯಾವ ಭಾಷೆಯಲ್ಲಿ ಹೋಗಬೇಕೆಂಬುದನ್ನೂ ಅದೇ ಅಂಕಿಯಿಂದ ತೀರ್ಮಾನಿಸಬಹುದು. ಅವ್ವನ ಆಧಾರ್ ಕಾರ್ಡಿನಲ್ಲಿ ಅವಳ ಹೆಸರು ಕನ್ನಡದಲ್ಲಿದೆ. ಆ ಆಧಾರನ್ನು ಕೇಳುವ ಸಂದೇಶ ಕನ್ನಡದಲ್ಲಿ ಇರಲಾರದೇಕೆ? ಕೊರಿಯರ್ ಕಂಪನಿ ತನ್ನ ಸಂದೇಶ ಕಳುಹಿಸಲಿ, ಅದರ ಜೊತೆಗೆ ಕಸ್ಟಮ್ಸ್ ಕಡೆಯಿಂದಲೂ ನೇರವಾಗಿ ಒಂದು ಸಂದೇಶ ಬರಲಿ. ಈಗ ಸರ್ಕಾರಿ ಸಂದೇಶಗಳ ಕಳುಹಿಸುವವರ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಜಿ (G) ಅಕ್ಷರ ಬರುವ ವ್ಯವಸ್ಥೆ ಬಂದಿರುವುದರಿಂದ, ಆ ಒಂದು ಅಕ್ಷರ ನೋಡಿ ನಂಬಿ ಎಂದು ನಾನು ನನ್ನ ಅಂಗಡಿಗೆ ಬರುವವರಿಗೆ ಹೇಳಿಕೊಡಬಲ್ಲೆ. ಬಟನ್ ಫೋನಿನವರಿಗೆ ಅಂಚೆಯಣ್ಣನ ಕೈಯಲ್ಲಿ ಒಂದು ಅಚ್ಚಾದ ಕಾರ್ಡು ಕಳುಹಿಸಿ. ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿರುವ ದೇಶದಲ್ಲಿ ಆ ಕಾರ್ಡು ತಲುಪದ ಮನೆ ಇರಲಾರದು.

ಆ ಕಾರ್ಡಿನಲ್ಲಿ ಏನಿರಬೇಕು? ವಸ್ತುಗಳ ಹೆಸರು, ಕಳುಹಿಸಿದವರು ಬರೆದ ಬೆಲೆ, ಅಧಿಕಾರಿ ಒಪ್ಪಿದ ಮೌಲ್ಯ, ಎರಡರ ನಡುವೆ ವ್ಯತ್ಯಾಸವಿದ್ದರೆ ಅದಕ್ಕೆ ಒಂದು ಸಾಲಿನ ಕಾರಣ, ಮೂಲ ಸುಂಕ, ಸರ್ಚಾರ್ಜ್, ಜಿಎಸ್‌ಟಿ, ಕಂಪನಿಯ ಸೇವಾಶುಲ್ಕ ಬೇರೆ ಬೇರೆಯಾಗಿ, ಕೊನೆಯಲ್ಲಿ ಉತ್ತರಿಸಬೇಕಾದ ದಿನಾಂಕ. ಇದರ ಜೊತೆಗೆ, ಲೆಕ್ಕ ಒಪ್ಪದವರು 60 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ಹೆಚ್ಚು ಕಟ್ಟಿದ್ದರೆ ಒಂದು ವರ್ಷದೊಳಗೆ ವಾಪಸು ಕೇಳಬಹುದು ಎಂಬ ಎರಡು ಸಾಲು. ಇವು 1962ರ ಸೀಮಾಸುಂಕ ಕಾಯ್ದೆಯಲ್ಲಿಯೇ ಇರುವ ಹಕ್ಕುಗಳು. ಅದೇ ಕಾಯ್ದೆಯಲ್ಲಿ 30 ದಿನದೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸು ಕೊಟ್ಟು ಮಾರಲು ಅವಕಾಶವಿದೆ. ಹಾಗಾದರೆ ಆ ನೋಟಿಸು ಪಡೆದವರಿಗೆ ಅರ್ಥವಾಗುವುದೂ ಕಾಯ್ದೆಯ ಆಶಯವೇ ಆಗಿರಬೇಕು. ದಿನಗಳ ಲೆಕ್ಕ ಲಿಂಕು ಕಳುಹಿಸಿದ ಗಳಿಗೆಯಿಂದ ಶುರುವಾಗಬಾರದು, ಮನೆಯವರ ಕೈಗೆ ತಿಳಿಯುವ ಭಾಷೆಯ ಕಾಗದ ಸೇರಿದ ದಿನದಿಂದ ಶುರುವಾಗಬೇಕು.

ಕೊನೆಯ ಕೋರಿಕೆ ದೂರದ ಬಗ್ಗೆ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇನ್ನೂ ಹೆಚ್ಚು, ಮೂಡಿಗೆರೆಯ ಒಳಗಿನ ಹಳ್ಳಿಯವರಿಗೆ ಹೋಗಿ ಬರಲು ಎರಡು ದಿನ. ಒಂದು ಬಿಲ್ಲು ತೋರಿಸಲು, ಒಂದು ಸಹಿ ಹಾಕಲು ಆ ದಾರಿ ಸವೆಸಿ ಎನ್ನುವುದು, ಪೆಟ್ಟಿಗೆಯ ಆಸೆ ಬಿಡಿ ಎಂದು ಹೇಳಿದಂತೆಯೇ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯೊಂದರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದಾಗ, ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟೇ ಎಂದು ಅಚ್ಚರಿಪಟ್ಟವರಿದ್ದರು. ಈಗ ಅದು ಮಾಮೂಲಿ. ಅದಕ್ಕಿಂತ ಹತ್ತಿರದ ಉದಾಹರಣೆಯೂ ಇದೆ. ಸಣ್ಣ ವ್ಯಾಪಾರಿಗಳು ಹೊರದೇಶಕ್ಕೆ ಸರಕು ಕಳುಹಿಸಲು ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. 2022ರಲ್ಲಿ ಬಂದ ನಿಯಮಗಳ ಪ್ರಕಾರ ರಫ್ತುದಾರರು ತಾವಿರುವಲ್ಲಿಂದಲೇ ಘೋಷಣೆಯನ್ನು ಕಂಪ್ಯೂಟರಿನಲ್ಲಿ ಸಲ್ಲಿಸಬಹುದು. ದೂರದಲ್ಲಿರುವ ಕಸ್ಟಮ್ಸ್ ಅಧಿಕಾರಿ ಅದನ್ನು ನೋಡಿ ಒಪ್ಪಿಗೆ ಕೊಡುತ್ತಾರೆ, ಯಾರೂ ಪ್ರಯಾಣ ಮಾಡಬೇಕಾಗಿಲ್ಲ. ಹೊರಗೆ ಹೋಗುವ ಪೆಟ್ಟಿಗೆಗೆ ತೆರೆದಿರುವ ಈ ಕಿಟಕಿಯನ್ನು ಒಳಗೆ ಬರುವ ಪೆಟ್ಟಿಗೆಗೂ ತೆರೆಯಿರಿ. ಅಲ್ಲಿಯೇ ಆಧಾರ್ ತೋರಿಸಲಿ, ಬಿಲ್ಲು ಸ್ಕ್ಯಾನ್ ಮಾಡಿ ಕಳುಹಿಸಲಿ, ಸುಂಕ ಕಟ್ಟಿ ರಸೀದಿ ಪಡೆಯಲಿ. ಕೌಂಟರಿನ ಆಚೆ ಒಬ್ಬ ಸರ್ಕಾರಿ ನೌಕರರ ಮುಖ ಕಂಡು, ಕೈಗೆ ರಸೀದಿ ಬಂದರೆ, ಮೋಸದ ಫೋನು ಮಾಡುವವರ ಕಸುಬಿಗೆ ಅರ್ಧಕ್ಕರ್ಧ ಪೆಟ್ಟು ಬೀಳುತ್ತದೆಂಬುದು ನನ್ನ ನಂಬಿಕೆ.

ನಮ್ಮವರಿಗೂ ಎರಡು ಮಾತು ಹೇಳಬೇಕು. ಹೊರದೇಶದಲ್ಲಿರುವ ಮಕ್ಕಳೇ, ಸುಂಕ ಕಡಿಮೆಯಾಗಲೆಂದು ನೂರು ಯೂರೊ ವಸ್ತುವಿಗೆ ಹತ್ತು ಯೂರೊ ಎಂದು ಬರೆಯಬೇಡಿ. ಬರೆದ ಬೆಲೆಯನ್ನು ಒಪ್ಪದಿರುವ ಅಧಿಕಾರ ಅಧಿಕಾರಿಗಳಿಗಿದೆ, ಆ ಒಂದು ಸುಳ್ಳು ಪೆಟ್ಟಿಗೆಯಲ್ಲಿರುವ ಎಲ್ಲದರ ಮೇಲೂ ಅನುಮಾನ ತರುತ್ತದೆ. "ಬಟ್ಟೆ ಮತ್ತು ಇತರೆ" ಎನ್ನುವ ಬದಲು ಶೂ ಎರಡು ಜೊತೆ, ಸ್ವೆಟರು ಒಂದು ಎಂದು ಬಿಡಿಸಿ ಬರೆಯಿರಿ. ಬಿಲ್ಲಿನ ಪ್ರತಿಯನ್ನು ಪೆಟ್ಟಿಗೆಯ ಹೊರಗೊಂದು, ಒಳಗೊಂದು ಇಡಿ. ತಾಯಿಯ ಹೆಸರೇ ಇರಲಿ, ಆದರೆ ಫೋನ್ ನಂಬರು ಸಂದೇಶ ಓದಿ ಉತ್ತರಿಸಬಲ್ಲವರದ್ದಾಗಿರಲಿ. ನನ್ನ ತಂಗಿ ಪೆಟ್ಟಿಗೆಯ ಮೇಲೆ ನನ್ನ ನಂಬರು ಬರೆದಿದ್ದರೆ ನಾನು ಟ್ರ್ಯಾಕಿಂಗ್ ಸಂಖ್ಯೆ ಹಾಕಿ ನೋಡುತ್ತಿದ್ದೆನೋ ಏನೋ. ಊರಿನಲ್ಲಿರುವವರೇ, ಸಂದೇಶ ಬಂದ ತಕ್ಷಣ ಹಣ ಕಟ್ಟಬೇಡಿ, ನನ್ನ ಹಾಗೆ ಆತುರಪಟ್ಟು ಅಳಿಸಲೂ ಬೇಡಿ. ಮೊದಲು ಮಕ್ಕಳಿಗೆ ಫೋನ್ ಮಾಡಿ, ನೀನು ಏನಾದರೂ ಕಳುಹಿಸಿದ್ದೀಯಾ, ಅದರ ಸಂಖ್ಯೆ ಏನು ಎಂದು ಕೇಳಿ. ಯಾರೂ ಏನೂ ಕಳುಹಿಸಿಲ್ಲವಾದರೆ ಯಾವ ಕಸ್ಟಮ್ಸಿನಲ್ಲೂ ನಿಮ್ಮ ಪೆಟ್ಟಿಗೆ ಇಲ್ಲ.

ಅವ್ವನ ಶೂ ಈಗ ತಂಗಿಯ ಮನೆಯ ಕಪಾಟಿನಲ್ಲಿದೆ. ಬರುವ ಯುಗಾದಿಗೆ ರಜೆ ಸಿಕ್ಕರೆ ಕೈಯಲ್ಲೇ ತರುತ್ತೇನೆ ಎಂದಿದ್ದಾಳೆ. ಅಲ್ಲಿಯವರೆಗೆ ಇನ್ನೊಂದು ಮಳೆಗಾಲವನ್ನು ಅವ್ವ ಬರಿಗಾಲಿನಲ್ಲೇ ಕಳೆಯಬೇಕಾಗಿದೆ.

ಆಲೂರಿನ ಯುವಕನಿಗೆ ಬಂದಿದ್ದ ಸುಳ್ಳು ಪತ್ರದ ಒಂದು ಪ್ರತಿಯನ್ನು, ಅವನ ಹೆಸರನ್ನು ಮರೆಮಾಡಿ, ನನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ, ಮೋಸದ ಪತ್ರ ಹೀಗಿರುತ್ತದೆ, ನೋಡಿಕೊಳ್ಳಿ ಎನ್ನುತ್ತೇನೆ. ಹಾಗಾದರೆ ನಿಜವಾದದ್ದು ಹೇಗಿರುತ್ತದೆ ಎಂದು ಅವರು ಕೇಳುತ್ತಾರೆ, ನನ್ನ ಬಳಿ ತೋರಿಸಲು ಏನೂ ಇಲ್ಲ. ದಯವಿಟ್ಟು ಕನ್ನಡದಲ್ಲಿ ಒಂದು ಮಾದರಿ ಸುಂಕದ ಪತ್ರವನ್ನು ಸಿದ್ಧಪಡಿಸಿ ಪ್ರಕಟಿಸಿ. ಅದನ್ನು ನಾನು ಆ ಪತ್ರದ ಪಕ್ಕದಲ್ಲೇ ಅಂಟಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಹಾಸನದ ಒಬ್ಬ ಅರ್ಜಿ ಬರಹಗಾರ್ತಿ